ನನ್ನ ದಿನವಲ್ಲದ ಶುಕ್ರವಾರ

ಸಂಗೊಳ್ಳಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಕಾಕಾ ಕೇಳಿದ ಮಾತಿಗೆ ಎರಡು ವರ್ಷ ನನ್ನ ಬಳಿ ಉತ್ತರವಿರಲಿಲ್ಲ. "ವಾರದಾಗ ಮೂರು ಕಡೆ ದುಡೀತಿ. ಹಂಗಾದ್ರ ನೀ ಯಾರ ಮನಿ ಮನಶ್ಯಾ?" ಎಂದಿದ್ದರು. ಅದರಲ್ಲಿ ಬೈಗುಳವಿರಲಿಲ್ಲ. ಎಂಬತ್ತು ದಾಟಿದ ಜೀವ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿತ್ತು.

ಪುಣೆಯಲ್ಲಿ ಇಪ್ಪತ್ತಾರು ವರ್ಷ ಕಾಸ್ಟ್ ಅಕೌಂಟಂಟ್ ಆಗಿ ದುಡಿದು, ಕೊನೆಯ ಆರು ವರ್ಷ ಒಂದು ಕಂಪನಿಯ ಹಣಕಾಸು ವಿಭಾಗವನ್ನೇ ನೋಡಿಕೊಂಡು ಊರಿಗೆ ಮರಳಿದವನು ನಾನು. ಈಗ ಸೋಮವಾರ, ಗುರುವಾರ ಬೈಲಹೊಂಗಲ ಕಡೆಯ ಒಂದು ಬೆಲ್ಲದ ಪುಡಿಯ ಘಟಕಕ್ಕೆ ಹೋಗುತ್ತೇನೆ. ಮಂಗಳವಾರ, ಬುಧವಾರ ಬೆಳಗಾವಿ ಕಡೆಯ ಒಂದು ಫೌಂಡ್ರಿ. ಶನಿವಾರ ರಾಮದುರ್ಗ ಕಡೆ ರೈತರೇ ಸೇರಿ ಮಾಡಿಕೊಂಡ ಕಂಪನಿ. ಶುಕ್ರವಾರ ನಮ್ಮ ಹೊಲ. ಇಂಥ ಕೆಲಸಕ್ಕೆ ನಗರಗಳಲ್ಲಿ ಅರೆಕಾಲಿಕ ಹಣಕಾಸು ಮುಖ್ಯಸ್ಥ, ಸಿಎಫ್‌ಒ ಅನ್ನುತ್ತಾರೆ. ನಮ್ಮ ಕಡೆ ಇನ್ನೂ ಹೆಸರು ಹತ್ತಿಲ್ಲ. "ಪುಣೇದಿಂದ ಬಂದ ಸಾಹೇಬ್ರು" ಅಂದರೆ ಸಾಕು.

ಇದು ಯಾಕೆ ಬೇಕಾಯಿತು ಅನ್ನುವುದು ಸರಳ. ಬೆಲ್ಲದ ಘಟಕದ ಸಾವಕಾರರಿಗೆ ಕಬ್ಬು ಗೊತ್ತು, ಕೊಪ್ಪರಿಗೆ ಗೊತ್ತು, ಬೆಂಕಿ ಗೊತ್ತು. ಬೆಂಡೆ ಗಿಡದ ಲೋಳೆ ಎಷ್ಟು ಹಾಕಿದರೆ ಮಡ್ಡಿ ಮೇಲೆ ಬರುತ್ತದೆ, ಸುಣ್ಣ ಎಲ್ಲಿ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ ಎಂದು ಕಣ್ಣಳತೆಯಲ್ಲೇ ಹೇಳುತ್ತಾರೆ. ಆದರೆ ಒಂದು ಕಿಲೋ ಪುಡಿಗೆ ತಮಗೆ ಎಷ್ಟು ಬಿತ್ತು, ಯಾವ ವ್ಯಾಪಾರಿಗೆ ಎಷ್ಟರವರೆಗೆ ಉದ್ರಿ ಕೊಡಬಹುದು, ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಮಿತಿ ಹೆಚ್ಚಿಸಲು ಯಾವ ಲೆಕ್ಕ ಮುಂದಿಡಬೇಕು ಎಂಬುದು ಅವರ ಕೈಗೆ ಹತ್ತಿರಲಿಲ್ಲ. ಅದನ್ನು ಬಲ್ಲವನಿಗೆ ಪೂರ್ತಿ ಸಂಬಳ ಕೊಟ್ಟರೆ ಘಟಕದ ಲಾಭವೆಲ್ಲ ಅವನಿಗೇ ಹೋದೀತು. ಹಾಗಾಗಿ ಒಬ್ಬನನ್ನು ಮೂರು ಕಡೆಯವರು ಹಂಚಿಕೊಂಡರು.

ಕಾಕಾನ ಪ್ರಶ್ನೆ ಮೂಡಿದ್ದು ಆ ಹಂಚಿಕೆಯಿಂದ. ನಮ್ಮದು ಲಿಂಗವಂತರ ಮನೆ. ಒಬ್ಬನೇ ದೇವರು, ಅವನಿಗೆ ಒಂದೇ ನಿಷ್ಠೆ ಅನ್ನುವುದನ್ನು ಹಾಲಿನ ಜೊತೆ ಕುಡಿದವರು. ಶರಣನೇ ಸತಿ, ಲಿಂಗವೇ ಪತಿ ಎಂದು ನಂಬಿದ ಧರ್ಮಕ್ಕೆ ಹತ್ತು ಬಾಗಿಲಿಗೆ ಕೈಮುಗಿಯುವವನ ಮೇಲೆ ಮೊದಲಿಂದಲೂ ಸಂಶಯ. ಕಾಯಕವೇ ಪೂಜೆ ಎನ್ನುವುದಾದರೆ, ಮೂರು ಕಡೆ ಹಂಚಿಹೋದ ಕಾಯಕ ಯಾವ ಪೂಜೆ? ಕಾಕಾ ಇಷ್ಟು ಬಿಡಿಸಿ ಹೇಳಲಿಲ್ಲ. ನಾನೇ ಬಿಡಿಸಿಕೊಂಡೆ.

ಅಂದು ನನಗೆ ಹೊಳೆದ ಸಮಾಧಾನ ಆಯಗಾರರದು. "ಕಾಕಾ, ಕಂಬಾರ ಏನ ಒಬ್ಬರ ಮನಿಯಾಂವ ಇದ್ದನೇನು? ಬಡಿಗ ಇದ್ದನೇನು? ಇಡೀ ಊರಿಗೆ ಒಬ್ಬ ಕಂಬಾರ. ಸುಗ್ಗಿಯೊಳಗ ಪ್ರತಿ ಕಣದಿಂದ ಅವಂಗ ಆಯ ಹೋಗತಿತ್ತು. ಯಾರೂ ಅವನ್ನ ಅರ್ಧಾ ಕಂಬಾರ ಅನ್ನಲಿಲ್ಲ" ಎಂದೆ. ಒಳ್ಳೆಯ ವಾದ ಹೂಡಿದೆ ಅಂದುಕೊಂಡಿದ್ದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಖರೆ. ಆದ್ರ ಕಂಬಾರ ಊರಾಗ ಇರತಿದ್ದ. ಕುಂಟಿ ಮುರದ್ರ ನಡುರಾತ್ರಿ ಹೋಗಿ ಅವನ ಬಾಗಲಾ ಬಡೀತಿದ್ವಿ. ನಿನ್ನ ಬಾಗಲಾ ಎಲ್ಲೈತಿ?" ಎಂದರು.

ಆ ಬಾಗಿಲನ್ನು ಒಬ್ಬರು ಬಡಿದರು, ಮುಂದೆ ಒಂದು ಶುಕ್ರವಾರ. ನಾನು ತೆರೆಯಲಿಲ್ಲ.

ಕಬ್ಬಿಗೆ ನೀರು ಹಾಯಿಸುತ್ತಿದ್ದೆ. ಸಾಲಿನಿಂದ ಸಾಲಿಗೆ ಮಡೆ ತಿರುವಿ, ಕಾಲು ಕೆಸರಿನಲ್ಲಿ ಹೂತುಕೊಂಡು ನಿಂತಾಗ ಫೋನ್ ಬಂತು. ಬೆಲ್ಲದ ಘಟಕದಲ್ಲಿ ಲೆಕ್ಕ ನೋಡುವ ಹುಡುಗಿ. ಬಿ.ಕಾಂ. ಮುಗಿಸಿ ಸೇರಿ ಒಂದು ವರ್ಷವಾಗಿತ್ತು. "ಸರ್, ಲಾರಿ ಲೋಡ್ ಆಗೇತ್ರಿ. ಈ ಪಾರ್ಟಿದು ಬಾಕಿ ಲಿಮಿಟ್ ದಾಟೇತಿ. ಬಿಡ್ಲೋ, ನಿಲ್ಲಿಸ್ಲೋ?" ಆ ಮಿತಿ ಹಾಕಿದವನು ನಾನೇ. ಯಾವ ವ್ಯಾಪಾರಿಯ ಬಾಕಿ ಎಷ್ಟು ದಾಟಿದರೆ ಮಾಲು ನಿಲ್ಲಿಸಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಅವಳ ಮೇಜಿನ ಗಾಜಿನ ಕೆಳಗೆ ಇರಿಸಿದ್ದೆ. ಆದರೂ ನನ್ನ ಬಾಯಿಂದ ಬಂದ ಮಾತು, "ಇವತ್ತ ನನ್ನ ದಿನ ಅಲ್ಲವ್ವ. ಸಾವಕಾರ್ನ ಕೇಳು."

ಸಾವಕಾರರು ಗೋಕಾಕದ ಒಂದು ಮದುವೆಯಲ್ಲಿದ್ದರು. ವಾಲಗದ ಸದ್ದಿನ ನಡುವೆ "ಹಳೇ ಪಾರ್ಟಿ, ಬಿಡು" ಅಂದರು. ಲಾರಿ ಹೋಯಿತು. ಎಂಟು ಟನ್, ಕಿಲೋಗೆ 58 ರೂಪಾಯಿ. 4,64,000 ರೂಪಾಯಿಯ ಮಾಲು. ಎರಡು ತಿಂಗಳ ನಂತರ ಆ ವ್ಯಾಪಾರಿಯ ಅಂಗಡಿ ಬಾಗಿಲು ಹಾಕಿತ್ತು.

ಕಾನೂನು ನಮ್ಮ ಪರ ಇತ್ತು. ಘಟಕಕ್ಕೆ ಉದ್ಯಮ್ ನೋಂದಣಿಯಿತ್ತು. 2006ರ ಸಣ್ಣ ಉದ್ದಿಮೆಗಳ ಕಾಯ್ದೆಯ ಪ್ರಕಾರ ಸಣ್ಣವರಿಂದ ಕೊಂಡ ಮಾಲಿನ ಹಣವನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಬೇಕು. ಅರ್ಜಿ ಹಾಕಿದೆವು. ಆದರೆ ಅರ್ಜಿಯ ದಾರಿ ಉದ್ದ, ಕಬ್ಬು ಕೊಟ್ಟ ರೈತನ ದಾರಿ ಗಿಡ್ಡ. ಅವನು ಸೋಮವಾರ ಬೆಳಗ್ಗೆಯೇ ಬಂದು ಆಫೀಸಿನ ಬೆಂಚಿನ ಮೇಲೆ ಕೂತಿದ್ದ. ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು, ಅದರ ಅಂಚನ್ನು ಬೆರಳಿಂದ ಸವರುತ್ತ, ದನಿ ಏರಿಸದೆ, "ಹಂಗಾದ್ರ ಯಾವಾಗ ಬರ್ಲಿರಿ?" ಎಂದ. ಮಗಳ ಕಾಲೇಜಿನ ಫೀ ಕಟ್ಟಬೇಕಿತ್ತು. ಅಂಥವರು ಹನ್ನೊಂದು ಜನ.

ಆ ರಾತ್ರಿ ನನ್ನ ಕರಾರು ತೆಗೆದು ಓದಿದೆ. ವಾರಕ್ಕೆ ಎರಡು ದಿನ ಎಂದು ಎರಡನೇ ಕಲಮಿನಲ್ಲೇ ಇದೆ. ಅದರ ಪ್ರಕಾರ ನನ್ನ ಮೇಲೆ ಯಾವ ತಪ್ಪೂ ಬರುವುದಿಲ್ಲ. ತಪ್ಪಿಲ್ಲ ಎಂದು ಕಾಗದ ಹೇಳಿದ್ದೇ ನನ್ನ ನಿದ್ದೆ ಕೆಡಿಸಿತು. ಟೋಪಿಯ ಅಂಚು ಸವರುತ್ತಿದ್ದ ಆ ಬೆರಳುಗಳಿಗೆ ಎರಡನೇ ಕಲಮನ್ನು ಹೇಗೆ ಓದಿ ಹೇಳುವುದು?

ಬೆಳಗಾಗುವುದರೊಳಗೆ ಎರಡು ತಿಂಗಳ ಸಂಬಳ ತಿರುಗಿ ಕೊಡುವುದೆಂದು ನಿಶ್ಚಯಿಸಿದ್ದೆ. ತಲೆಯಲ್ಲಿ ಶರಣೆ ಆಯ್ದಕ್ಕಿ ಲಕ್ಕಮ್ಮ ಇದ್ದಳು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ತಂದಾಗ, ಇದು ನಮ್ಮದಲ್ಲ, ಅಲ್ಲೇ ಸುರಿದು ಬಾ ಎಂದು ಕಳಿಸಿದಳು ಆಕೆ. ದುಡಿಯದ ಶುಕ್ರವಾರದ ಕೂಲಿ ನನ್ನ ಚೀಲದಲ್ಲೂ ಹೆಚ್ಚಾಗಿ ಬಿದ್ದಿದೆ ಅನ್ನಿಸಿತ್ತು. ಚೆಕ್ ಬರೆದುಕೊಂಡು ಹೋದೆ. ಸಾವಕಾರರು ಅದನ್ನು ಮುಟ್ಟಲಿಲ್ಲ. "ರೊಕ್ಕ ಬ್ಯಾಡ್ರಿ ಸಾಹೇಬ್ರ. ಫೋನ್ ಎತ್ತಿದಾಗ ಉತ್ತರಾ ಹೇಳ್ರಿ, ಸಾಕು" ಅಂದರು.

ಅವರು ಹೇಳಿದ್ದು ಸರಿ. ಲಕ್ಕಮ್ಮನ ಕಥೆಯಲ್ಲಿ ನಾನು ನನಗೆ ಬೇಕಾದ ಅರ್ಧವನ್ನಷ್ಟೇ ತೆಗೆದುಕೊಂಡಿದ್ದೆ. ಅದೇ ಲಕ್ಕಮ್ಮ ಇನ್ನೊಮ್ಮೆ, ಗಂಡ ಶರಣರ ಜೊತೆ ಅನುಭವದ ಮಾತಿನಲ್ಲಿ ಮೈಮರೆತಾಗ, ನಿನ್ನ ಕಾಯಕ ನಿಂತಿದೆ ಎಂದು ಎಚ್ಚರಿಸಿದವಳೂ ಹೌದು. ಹೆಚ್ಚಿನದನ್ನು ತಿರುಗಿ ಕೊಡುವುದು ಸುಲಭ; ಕೈ ತೊಳೆದುಕೊಂಡ ಹಾಗೆ. ನಿಂತುಹೋದದ್ದನ್ನು ಮತ್ತೆ ನಡೆಸುವುದು ಕಷ್ಟ. ಹಣ ತಿರುಗಿಸಿ ನಾನು ಆ ಹನ್ನೊಂದು ಜನರಿಂದ ಬಿಡುಗಡೆ ಪಡೆಯಲು ಹೊರಟಿದ್ದೆ.

ಹಾಗಾದರೆ ಎಲ್ಲ ದಿನ, ಎಲ್ಲರ ಫೋನಿಗೂ ನಾನು ಸಿಗಬೇಕೆ? ಮೂರು ಕಡೆಗೂ ಪೂರ್ಣಾವಧಿಯಾಗಿ ಇರಬೇಕೆ? ಒಂದು ಮೈಯಿಂದ ಆಗದ ಮಾತು. ಕಾನೂನಿಗೂ ಈ ಚಿಂತೆ ಇದೆ. 2013ರ ಕಂಪನಿ ಕಾಯ್ದೆಯ 203ನೇ ಕಲಮು, ದೊಡ್ಡ ಸಾರ್ವಜನಿಕ ಕಂಪನಿಗಳ ಸಿಎಫ್‌ಒದಂಥ ಪೂರ್ಣಾವಧಿ ಅಧಿಕಾರಿ ಒಂದೇ ಹೊತ್ತಿಗೆ ಎರಡು ಕಂಪನಿಗಳಲ್ಲಿ ಆ ಹುದ್ದೆ ಹಿಡಿಯಬಾರದು ಅನ್ನುತ್ತದೆ. ಅಂಗಸಂಸ್ಥೆ ಮಾತ್ರ ಹೊರತು. ಸಣ್ಣ ಖಾಸಗಿ ಘಟಕಗಳಿಗೆ ಆ ಕಟ್ಟು ಇಲ್ಲ, ಅದಕ್ಕೇ ನನ್ನಂಥವರಿಗೆ ಕೆಲಸ. ಆದರೆ ರೈತರ ಉತ್ಪಾದಕ ಕಂಪನಿಯ ವಿಷಯದಲ್ಲಿ ಕಾಯ್ದೆ ಬಿಗಿಯಾಗಿದೆ. 2020ರ ತಿದ್ದುಪಡಿಯಲ್ಲಿ ಸೇರಿದ 378ಡಬ್ಲ್ಯೂ ಕಲಮಿನ ಪ್ರಕಾರ ಅಂಥ ಪ್ರತಿ ಕಂಪನಿಗೂ ಪೂರ್ಣಾವಧಿಯ ಮುಖ್ಯ ಕಾರ್ಯನಿರ್ವಾಹಕ ಇರಲೇಬೇಕು, ಅವನು ಕಂಪನಿಯ ಸದಸ್ಯನೂ ಆಗಿರಬಾರದು.

ರಾಮದುರ್ಗ ಕಡೆಯವರು ನನ್ನನ್ನು ಕರೆದದ್ದು ಸಿಇಒ ಆಗೆಂದೇ. 2020ರಲ್ಲಿ ಕೇಂದ್ರ ಸರ್ಕಾರ ಹತ್ತು ಸಾವಿರ ರೈತ ಸಂಸ್ಥೆ ಕಟ್ಟುವ ಯೋಜನೆ ತಂದಾಗ, ಒಂದೊಂದಕ್ಕೂ ಮೂರು ವರ್ಷದ ಆಡಳಿತ ಖರ್ಚಿಗೆಂದು 18 ಲಕ್ಷ ರೂಪಾಯಿಯವರೆಗೆ ನೆರವು ಇಟ್ಟಿತು. ಸಿಇಒ ಸಂಬಳವೂ ಅದರಲ್ಲೇ. ಮೂರು ವರ್ಷ ಮುಗಿದ ಮೇಲೆ ಆ ಸಂಬಳ ಎಲ್ಲಿಂದ ತರುವುದು ಎಂಬ ಹೆದರಿಕೆ ಅವರಿಗೆ. "ವಾರಕ್ಕ ಒಂದ ದಿನ ಬರ್ರಿ, ಹೆಸರಿಗೆ ನೀವ ಸಿಇಒ" ಅಂದರು. ಹೆಸರಿಗೆ ಆಗುವ ಹುದ್ದೆ ಅದಲ್ಲ ಎಂದು ಹೇಳಿ, ಸಲಹೆಗಾರನಾಗಿ ಮಾತ್ರ ಒಪ್ಪಿದೆ. ಈಗ ಅಲ್ಲಿರುವ ಪೂರ್ಣಾವಧಿಯ ಹುಡುಗ ಆ ಕಡೆಯ ಊರಿನವನೇ. ಕಡಲೆ ಖರೀದಿಯ ದಿನ ತೂಕದ ಯಂತ್ರದ ಪಕ್ಕ ಬೆಳಗಿನಿಂದ ನಿಂತಿರುತ್ತಾನೆ. ಅವನಿಗೆ ಲೆಕ್ಕಪತ್ರ ಓದುವುದನ್ನು ಕಲಿಸುವುದು ನನ್ನ ಶನಿವಾರದ ಕೆಲಸ. ಇಲ್ಲಿ ಕಾನೂನು ಮಾಡಿದವರು ಸರಿಯಾಗಿ ಯೋಚಿಸಿದ್ದಾರೆ ಎಂದೇ ನನ್ನ ನಂಬಿಕೆ. ಮುನ್ನೂರು ರೈತರು ಒಡೆಯರಾಗಿರುವಲ್ಲಿ, ದಿನವೂ ಬಾಗಿಲು ತೆರೆದಿರುವ ಒಬ್ಬ ಮನುಷ್ಯ ಬೇಕು.

ನಮ್ಮೂರಿನಲ್ಲಿ ಹುಟ್ಟಿದವನಿಗೆ ಚಾಕರಿ, ನಿಷ್ಠೆಯ ಈ ವಿಷಯದಲ್ಲಿ ರಾಯಣ್ಣನ ನೆನಪು ಬಾರದೆ ಇರದು. ನನ್ನನ್ನು ಅವನ ಪಕ್ಕ ನಿಲ್ಲಿಸಿಕೊಳ್ಳುವ ಅವಿವೇಕ ನನಗಿಲ್ಲ. ಆದರೆ ಅವನು ಏನಾಗಿದ್ದ ಎಂಬುದನ್ನು ನಾವು ಮರೆತಿದ್ದೇವೆ. ಕುದುರೆ, ಖಡ್ಗ, ಚೌಕದ ಪ್ರತಿಮೆ ಇಷ್ಟೇ ಕಣ್ಣಿಗೆ ಬರುತ್ತವೆ. ಸಂಗೊಳ್ಳಿ ರಾಯಣ್ಣ ಕಿತ್ತೂರು ಸಂಸ್ಥಾನದ ಶೇತಸನದಿ. ಶೇತಸನದಿ ಅಂದರೆ ಸನದಿನ ಮೇಲೆ ಹೊಲ ಪಡೆದು, ಅದಕ್ಕೆ ಪ್ರತಿಯಾಗಿ ಚಾಕರಿ ಮಾಡುವವನು. ಉಳಿದ ದಿನ ಬಿತ್ತಿ ಬೆಳೆಯುವ ಒಕ್ಕಲಿಗ. ಕರೆ ಬಂದ ದಿನ ಊರು ಕಾಯುವವನು, ಕಾಳಗಕ್ಕೆ ಹೋಗುವವನು. ಇಂದಿನ ಭಾಷೆಯಲ್ಲಿ ಹೇಳಬೇಕಾದರೆ ಅರೆಕಾಲಿಕ ನೌಕರಿ. ಕಿತ್ತೂರಿನ ಬಲದಲ್ಲಿ ಇಂಥವರದು ದೊಡ್ಡ ಪಾಲು.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮನನ್ನು ಬ್ರಿಟಿಷರು ಬೈಲಹೊಂಗಲದ ಕೋಟೆಯಲ್ಲಿ ಸೆರೆ ಇರಿಸಿದರು. 1829ರ ಫೆಬ್ರವರಿಯಲ್ಲಿ ಆಕೆ ಅಲ್ಲೇ ತೀರಿಕೊಂಡಳು. ಸನದು ಕೊಟ್ಟ ಸಂಸ್ಥಾನವೇ ಇರಲಿಲ್ಲ. ಹೊಸ ಸರ್ಕಾರ ಶೇತಸನದಿಗಳ ಹೊಲಗಳಿಗೆ ಕೈ ಹಾಕಿತು, ತೆರಿಗೆ ಹೇರಿತು. ಲೆಕ್ಕ ನೋಡುವವನ ಕಣ್ಣಿಂದ ನೋಡಿದರೆ ಕರಾರು ಮುಗಿದಿತ್ತು: ಕೊಡುವ ಒಡೆಯನಿಲ್ಲ, ಪಡೆದ ಹೊಲವಿಲ್ಲ, ಮಾಡಬೇಕಾದ ಚಾಕರಿಯೂ ಇಲ್ಲ. ರಾಯಣ್ಣ ಆಮೇಲೆ ಎದ್ದ. ಕಿತ್ತೂರು ಮನೆತನದ ದತ್ತುಮಗ ಶಿವಲಿಂಗಪ್ಪನನ್ನು ಪಟ್ಟಕ್ಕೆ ತರಬೇಕೆಂದು ಜನ ಕೂಡಿಸಿ, ಸರ್ಕಾರಿ ಕಚೇರಿಗಳಿಗೆ ಬೆಂಕಿ ಹಾಕಿ, ಕಾಡು ಗುಡ್ಡಗಳಲ್ಲಿ ಕಾದಾಡಿ, 1830ರಲ್ಲಿ ಸಿಕ್ಕಿಬಿದ್ದು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಅಲ್ಲಿ ಅವನ ಸಮಾಧಿಯ ಆಲದ ಮರಕ್ಕೆ ಇಂದಿಗೂ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ.

ಹುಡುಗನಾಗಿದ್ದಾಗ ನನಗೆ ಇದು ಶೌರ್ಯದ ಕಥೆ. ಈಗ ಅದರಲ್ಲಿ ಬೇರೊಂದು ಕಾಣುತ್ತದೆ. ಚಾಕರಿಗೆ ದಿನವಿತ್ತು, ಹೊಲಕ್ಕೆ ಅಳತೆಯಿತ್ತು. ಆದರೆ ಕಿತ್ತೂರು ತನ್ನದು ಎಂಬುದಕ್ಕೆ ದಿನವೂ ಇರಲಿಲ್ಲ, ಅಳತೆಯೂ ಇರಲಿಲ್ಲ. ಅವನ ಬದುಕಿನಲ್ಲಿ ಎರಡೂ ಒಟ್ಟಿಗೇ ಇದ್ದವು, ಒಂದು ಇನ್ನೊಂದನ್ನು ನುಂಗಲಿಲ್ಲ. ಹೊಲವನ್ನೂ ಉತ್ತ.

ಮಂಗಳವಾರ ಬೆಳಗಾವಿಗೆ ಹೋಗುವಾಗ ಎಂ.ಕೆ. ಹುಬ್ಬಳ್ಳಿಯಲ್ಲಿ ಹೆದ್ದಾರಿ ಮಲಪ್ರಭೆಯನ್ನು ದಾಟುತ್ತದೆ. ಅಲ್ಲಿ ನದಿಯಲ್ಲೇ ಗಂಗಾಂಬಿಕೆಯ ಐಕ್ಯ ಮಂಟಪ. ಕಲ್ಯಾಣ ಒಡೆದು ಶರಣರು ಚದುರಿದಾಗ ಬಸವಣ್ಣನ ಮಡದಿ ಇಲ್ಲಿಯವರೆಗೆ ಬಂದಳು, ಡೋಹರ ಕಕ್ಕಯ್ಯ ಕಕ್ಕೇರಿಗೆ, ಚೆನ್ನಬಸವಣ್ಣ ಉಳವಿಗೆ ಎಂದು ನಮ್ಮ ನಂಬಿಕೆ. ಪ್ರತಿ ಸಲ ಬಸ್ಸಿನ ಕಿಟಕಿಯಿಂದ ಆ ಕಡೆ ನೋಡುವಾಗ ಒಂದು ಯೋಚನೆ ಬರುತ್ತದೆ: ಇವರು ಕಲ್ಯಾಣವನ್ನು ಪಾಲು ಹಾಕಿಕೊಂಡು ಬರಲಿಲ್ಲ. ಒಬ್ಬೊಬ್ಬರೂ ಇಡೀ ಕಲ್ಯಾಣವನ್ನೇ ತಂದರು.

ಈ ನಿಷ್ಠೆಯಲ್ಲಿ ಒಡೆಯನ ಪಾಲೂ ಇದೆ, ಅದನ್ನು ಹೇಳದೆ ಬಿಟ್ಟರೆ ಅನ್ಯಾಯ. ಮಂಗಳವಾರ ನಾನು ಹೋಗುವ ಫೌಂಡ್ರಿಯಲ್ಲಿ ಮೊದಲ ವರ್ಷ ನನ್ನ ಹೆಸರಿನ ಕಾರ್ಡ್ ಅಚ್ಚಾಗಿತ್ತು, ಕೋಣೆಯಿತ್ತು, ನನ್ನ ಮಾತಿಗೆ ಬೆಲೆ ಇರಲಿಲ್ಲ. ನಾನು ಬೇಡವೆಂದ ಯಂತ್ರಕ್ಕೆ ನಾನಿಲ್ಲದ ಸೋಮವಾರ ಮುಂಗಡ ಕೊಟ್ಟಿದ್ದರು. ಕಂತು ಕಟ್ಟಲಾಗದೆ ಒದ್ದಾಡುವಾಗ "ನೀವು ಇದ್ದೂ ಹಿಂಗಾತಲ್ರಿ" ಅಂದರು. ಬಿಜ್ಜಳನ ಭಂಡಾರದ ಕೀಲಿ ಬಸವಣ್ಣನ ಕೈಯಲ್ಲಿತ್ತು. ಅವನ ಮೇಲೆ ದೂರು ಬಂದಾಗ ಭಂಡಾರ ಎಣಿಸಿ, ಒಂದು ಹಣವೂ ಕಡಿಮೆಯಿಲ್ಲ ಎಂದು ತೋರಿಸಿದ ಕಥೆ ಎಲ್ಲರಿಗೂ ಗೊತ್ತು. ಆ ಕಥೆ ನಡೆಯಬೇಕಾದರೆ ಮೊದಲು ಕೀಲಿ ಕೊಟ್ಟಿರಬೇಕು. ಕೀಲಿ ತಾನಿಟ್ಟುಕೊಂಡು ಲೆಕ್ಕ ಮಾತ್ರ ಇನ್ನೊಬ್ಬನಿಂದ ಕೇಳುವ ಒಡೆಯನಿಗೆ ಅರೆಕಾಲಿಕನೂ ಸಾಲದು, ಪೂರ್ಣಕಾಲಿಕನೂ ಸಾಲದು.

ಹೀಗೆ ಕೀಲಿಯ ಯೋಚನೆ ಮಾಡುತ್ತಿರುವಾಗಲೇ ನನ್ನ ತಪ್ಪು ಎಲ್ಲಿತ್ತು ಎಂದು ತಿಳಿಯಿತು. ಇಷ್ಟು ದಿನ ಅದು ಶುಕ್ರವಾರ ನಡೆದದ್ದು ಅಂದುಕೊಂಡಿದ್ದೆ. ನಡೆದದ್ದು ಎಷ್ಟೋ ಸೋಮವಾರಗಳ ಹಿಂದೆ. ಮಿತಿಯ ಹಾಳೆ ಬರೆದು ಹುಡುಗಿಯ ಗಾಜಿನ ಕೆಳಗೆ ಇಟ್ಟೆನಲ್ಲ, ಅಂದು ಅವಳಿಗೆ ಅಂಕಿ ಕೊಟ್ಟೆ, ಬೇಡ ಅನ್ನುವ ಅಧಿಕಾರ ಕೊಡಲಿಲ್ಲ. ಅದನ್ನು ನನ್ನ ಹತ್ತಿರವೇ ಇಟ್ಟುಕೊಂಡು, ಎರಡು ದಿನ ತಂದು, ಐದು ದಿನ ಮನೆಗೆ ಒಯ್ಯುತ್ತಿದ್ದೆ. ಫೌಂಡ್ರಿಯವರು ನನಗೆ ಮಾಡಿದ್ದನ್ನೇ ನಾನು ಅವಳಿಗೆ ಮಾಡಿದ್ದೆ.

ಕಾಕಾಗೆ ಇದೆಲ್ಲ ಹೇಳಿದ್ದು ಒಂದು ಬೆಳಗ್ಗೆ, ಅವರು ಪೂಜೆ ಮುಗಿಸುವ ಹೊತ್ತಿಗೆ. ಎಡ ಅಂಗೈಯಲ್ಲಿ ಇಷ್ಟಲಿಂಗ, ಅದರ ಮೇಲೆ ನೆಟ್ಟ ನೋಟ, ಸುತ್ತ ವಿಭೂತಿಯ ವಾಸನೆ. ಇಪ್ಪತ್ತು ನಿಮಿಷವಿದ್ದೀತು. ಆಮೇಲೆ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟು, ದಾರ ಎದೆಯ ಮೇಲೆ ಸರಿಮಾಡಿಕೊಂಡು, ದನಕ್ಕೆ ಹೊಟ್ಟು ಹಾಕಲು ಎದ್ದರು. ನಾನು ಕೇಳಿದೆ: "ಕಾಕಾ, ಇಡೀ ದಿನದಾಗ ಪೂಜಿ ಇಪ್ಪತ್ತ ನಿಮಿಷ. ಉಳಿದ ಹೊತ್ತು ನೀವು ಯಾರ ಮನಿಯವರು?" ಅವರು ಕೈ ಎದೆಯ ಮೇಲಿನ ಕರಡಿಗೆಗೆ ಒಯ್ದರು. "ಪೂಜಿಗೆ ಹೊತ್ತ ಐತಿ. ಇದನ್ನ ತಗದ ಇಡಾಕ ಹೊತ್ತಿಲ್ಲ" ಅಂದು, ಹೊಟ್ಟಿನ ಬುಟ್ಟಿ ಎತ್ತಿಕೊಂಡು ಕೊಟ್ಟಿಗೆಗೆ ಹೋದರು. ನನ್ನ ಪ್ರಶ್ನೆಯ ಒಳಗೆ ತಮ್ಮ ಹಳೆಯ ಪ್ರಶ್ನೆಯೂ ಇದೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಮತ್ತೆ ಅವರು ಅದನ್ನು ಕೇಳಿಲ್ಲ.

ಅದಾದ ಮೇಲಿನ ಸೋಮವಾರ ಸಾವಕಾರರನ್ನೂ ಹುಡುಗಿಯನ್ನೂ ಒಟ್ಟಿಗೆ ಕೂಡಿಸಿ, ಮಿತಿ ದಾಟಿದ ಲಾರಿ ನಿಲ್ಲಿಸುವ ಅಧಿಕಾರ ಅವಳದು ಎಂದು ಬರೆದು ಮೂವರೂ ಸಹಿ ಹಾಕಿದೆವು. ಸಾವಕಾರರೂ ಅದನ್ನು ಮೀರುವಂತಿಲ್ಲ. ಅವರು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು. ಅವರ ಅಪ್ಪ ಕಟ್ಟಿದ ಗಾಣ. ಇಪ್ಪತ್ತಮೂರರ ಹುಡುಗಿಯ ಕೈಗೆ ಬೇಡ ಅನ್ನುವ ಮಾತು ಕೊಡುವುದು ಅವರಿಗೆ ಸಣ್ಣದಲ್ಲ. ಕಡೆಗೆ ಸಹಿ ಮಾಡಿದರು.

ಮೊನ್ನೆ ಗುರುವಾರ ಹೋದಾಗ ಅಂಗಳದಲ್ಲಿ ಲಾರಿಯೊಂದು ತಾಡಪತ್ರಿ ಹೊದ್ದು ನಿಂತಿತ್ತು. ಡ್ರೈವರ್ ನೆರಳಿಗೆ ಮಲಗಿದ್ದ. ಬುಧವಾರವೇ ಲೋಡ್ ಆಗಿದ್ದು ಎಂದರು. ಬುಧವಾರ ನಾನು ಬೆಳಗಾವಿಯಲ್ಲಿದ್ದೆ, ಫೋನ್ ಕೈಯಲ್ಲೇ ಇತ್ತು, ಇಲ್ಲಿಂದ ಯಾರೂ ಮಾಡಿರಲಿಲ್ಲ. ಒಳಗೆ ಹುಡುಗಿ ಗೇಟ್ ರಿಜಿಸ್ಟರ್ ತೆರೆದು ನನ್ನ ಮುಂದಿಟ್ಟಳು. ಲಾರಿಯ ನಂಬರಿನ ಎದುರು ಅವಳ ದುಂಡಗಿನ ಅಕ್ಷರದಲ್ಲಿ "ಬಾಕಿ ಬಂದ ಮೇಲೆ" ಎಂದು ಬರೆದಿತ್ತು, ಕೆಳಗೆ ಅವಳ ಸಹಿ. ಓದುತ್ತಿರುವಾಗ ಅವಳ ಫೋನಿನಲ್ಲಿ ಬ್ಯಾಂಕಿನ ಮೆಸೇಜ್ ಬಂತು. ಅದನ್ನು ನೋಡಿ, ಎದ್ದು, ಡ್ರೈವರನ್ನು ಎಬ್ಬಿಸಲು ಅವಳೇ ಹೊರಗೆ ಹೋದಳು.